ಗಿರವಿ ಅಂಗಡಿ ಅಂದ್ರೆ ಮುಜುಗರ, ಟಿವಿಯಲ್ಲಿ ಬಂದ್ರೆ ಮಜಾ. ಯಾಕೆ ಹೀಗೆ?

ಪ್ರಶ್ನೆ: ಸರ್, ನಾನು ಶಿವಮೊಗ್ಗದ ಗೃಹಿಣಿ. ನಮ್ಮ ಯಜಮಾನರು ರಿಟೈರ್ ಆದ ಮೇಲೆ ‘ಪಾನ್ ಸ್ಟಾರ್ಸ್’ ಅನ್ನೋ ಅಮೆರಿಕದ ಶೋಗೆ ಅಂಟಿಕೊಂಡುಬಿಟ್ಟಿದ್ದಾರೆ. ಲಾಸ್ ವೇಗಸ್‌ನಲ್ಲಿ ತಾತ, ಮಗ, ಮೊಮ್ಮಗ ಸೇರಿ ನಡೆಸುವ ಗಿರವಿ ಅಂಗಡಿಯ ಕತೆ ಅದು. ಬೈಯಲು ಹೋದ ನಾನೂ ಪಕ್ಕದಲ್ಲಿ ಕೂತು ನೋಡುತ್ತಿದ್ದೇನೆ. ನನಗೇ ಅರ್ಥವಾಗದ್ದು ಏನೆಂದರೆ, ನನ್ನ ಕಾಲೇಜು ಫೀಸಿಗೆ ಅಮ್ಮ ಬಳೆ ಅಡ ಇಟ್ಟಿದ್ದರು. ಯಾರಾದರೂ ನೋಡಿಯಾರು ಅಂತ ನಾವು ಕತ್ತಲಾದ ಮೇಲೆ ಹೋಗಿದ್ದೆವು. ಅಂಥ ಅಂಗಡಿಯ ಶೋ ನನಗೆ ಯಾಕೆ ಹಿಡಿಸುತ್ತದೆ? ಮಗಳು ‘ಅದೆಲ್ಲ ಸ್ಕ್ರಿಪ್ಟ್ ಅಮ್ಮ’ ಅನ್ನುತ್ತಾಳೆ. ಇನ್ನೊಂದು ಚಿಂತೆ. ಯಜಮಾನರು ಈಗ ಮಾವನವರ ಪೆಟ್ಟಿಗೆಯ ಬೆಳ್ಳಿ ರೂಪಾಯಿ, ಒಂದು ಗ್ರಾಮಫೋನು, ದೇವರ ಮನೆಯ ಹಳೇ ವಿಗ್ರಹ ಎಲ್ಲಕ್ಕೂ ಲಕ್ಷದ ಲೆಕ್ಕ ಹಾಕುತ್ತಿದ್ದಾರೆ. ನಾಣ್ಯದ ಫೋಟೋ ನೋಡಿ ಯಾರೋ ಫೋನ್ ಮಾಡಿ, ‘ಕೊಳ್ಳುತ್ತೇವೆ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ’ ಎಂದಿದ್ದಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಆ ಫೀಸ್ ಕಟ್ಟಬೇಡಿ. ನಾಣ್ಯ ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ಹಳೇ ನೋಟು, ನಾಣ್ಯ ಕೊಳ್ಳುವ ಹೆಸರಿನಲ್ಲಿ ಶುಲ್ಕ, ಕಮಿಷನ್, ತೆರಿಗೆ ಅಂತ ವಸೂಲಿ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಆ ವಂಚಕರು ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸುತ್ತಿದ್ದರು. ಈಗಾಗಲೇ ಕಟ್ಟಿದ್ದರೆ ಇವತ್ತೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಈಗ ಶೋ ವಿಷಯಕ್ಕೆ ಬರೋಣ. ನಾನು ಬಹಳ ವರ್ಷ ಇಂಥ ಕಾರ್ಯಕ್ರಮಗಳ ಎಡಿಟಿಂಗ್ ಮಾಡಿದವನು. ಲಾಸ್ ವೇಗಸ್‌ನ ಆ ಶೋದಲ್ಲಿ ಕೆಲಸ ಮಾಡಿದವನಲ್ಲ. ಆದರೆ ಈ ಜಾತಿಯ ಶೋಗಳನ್ನು ಹೇಗೆ ಹೊಲಿಯುತ್ತಾರೆ ಅನ್ನೋದು ಚೆನ್ನಾಗಿ ಗೊತ್ತು.

ನಿಮ್ಮ ಮಗಳು ಹೇಳಿದ್ದು ಅರ್ಧ ನಿಜ. ಅಂಗಡಿ ನಿಜ. ರಿಚರ್ಡ್ ಹ್ಯಾರಿಸನ್, ಅಂದರೆ ಶೋನಲ್ಲಿ ಎಲ್ಲರೂ ‘ಓಲ್ಡ್ ಮ್ಯಾನ್’ ಅನ್ನುವ ಆ ಸಿಡುಕು ಮೋರೆಯ ತಾತ, ಅಮೆರಿಕದ ನೌಕಾಪಡೆಯಲ್ಲಿದ್ದವರು. 1981ರಲ್ಲಿ ಕುಟುಂಬ ಕಟ್ಟಿಕೊಂಡು ಲಾಸ್ ವೇಗಸ್‌ಗೆ ಬಂದರು. 1989ರ ಹೊತ್ತಿಗೆ ಮಗ ರಿಕ್ ಜೊತೆ ‘ಗೋಲ್ಡ್ ಅಂಡ್ ಸಿಲ್ವರ್’ ಗಿರವಿ ಅಂಗಡಿ ತೆರೆದರು. ಟಿವಿಯವರು ಬಂದಿದ್ದು ಅದಾಗಿ ಇಪ್ಪತ್ತು ವರ್ಷದ ಮೇಲೆ, 2009ರ ಜುಲೈನಲ್ಲಿ. ತಾತ 2018ರಲ್ಲಿ ತೀರಿಕೊಂಡರು. ಮೊಮ್ಮಗ ಕೋರಿಯೂ ನಿಜವಾದ ಮೊಮ್ಮಗನೇ. ಆ ಪೆದ್ದು ನಗೆಯ ಚಮ್ಲೀ ಮಾತ್ರ ಮನೆಯವನಲ್ಲ, ಕೋರಿಯ ಬಾಲ್ಯದ ಗೆಳೆಯ.

ನಿಜವಲ್ಲದ್ದು ಯಾವುದು? ಆ ‘ಅಕಸ್ಮಾತ್ತು’. ಯಾರೋ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾರೆ, ಕೈಯಲ್ಲಿ ಅಂತರ್ಯುದ್ಧದ ಕಾಲದ ಕತ್ತಿ. ರಿಕ್ ಗೆಳೆಯನಿಗೆ ಫೋನ್ ಮಾಡುತ್ತಾನೆ, ಮರುಕ್ಷಣ ಕತ್ತಿಯ ತಜ್ಞ ಹಾಜರ್. ಹಾಗೆ ಆಗುವುದಿಲ್ಲ. ವಸ್ತುಗಳನ್ನು ಮೊದಲೇ ಆರಿಸಿರುತ್ತಾರೆ. ಮಾರುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರುತ್ತಾರೆ. ತಜ್ಞರಿಗೆ ದಿನ, ವೇಳೆ ಗೊತ್ತುಮಾಡಿರುತ್ತದೆ. ಶೂಟಿಂಗ್ ಇದ್ದಾಗ ಅಂಗಡಿಗೆ ಸಾಮಾನ್ಯ ಗಿರಾಕಿಗಳಿಗೆ ಪ್ರವೇಶವಿಲ್ಲ, ಹಿಂದೆ ಓಡಾಡಲು ಬೆರಳೆಣಿಕೆಯ ಜನರನ್ನು ಬಿಡುತ್ತಾರೆ. 2022ರಲ್ಲಿ ಇದೇ ತಂಡ ಬೇರೆ ಬೇರೆ ಊರುಗಳಿಗೆ ಹೋಗಿ ಹೊಸ ಶೋ ಮಾಡಿತು. ಆಗಲೂ ‘ನಿಮ್ಮ ಹತ್ತಿರ ಏನಿದೆ, ಮೊದಲೇ ತಿಳಿಸಿ’ ಅಂತ ಬಹಿರಂಗವಾಗಿ ಕರೆ ಕೊಟ್ಟಿದ್ದರು.

ಇದನ್ನು ಮೋಸ ಅಂತ ನಾನು ಕರೆಯುವುದಿಲ್ಲ. ಸುಮ್ನೆ ಕ್ಯಾಮೆರಾ ಇಟ್ಟು ಕೂತರೆ ಗಿರವಿ ಅಂಗಡಿಯಲ್ಲಿ ದಿನವಿಡೀ ಸಿಗುವುದು ಚೈನು, ಉಂಗುರ, ಡ್ರಿಲ್ಲಿಂಗ್ ಮಷಿನ್ನು. ಅದನ್ನು ಯಾರು ನೋಡುತ್ತಾರೆ? ಆದರೆ ‘ಸ್ಕ್ರಿಪ್ಟ್’ ಅಂದರೆ ಧಾರಾವಾಹಿಯ ಹಾಗೆ ಪ್ರತಿ ಮಾತನ್ನೂ ಬರೆದುಕೊಟ್ಟಿರುತ್ತಾರೆ ಅಂತಲೂ ಅಲ್ಲ. ಸನ್ನಿವೇಶವನ್ನು ಕಟ್ಟುತ್ತಾರೆ, ಮಾತು ಹರಿಯಲು ಬಿಡುತ್ತಾರೆ. ಆಮೇಲೆ ನಮ್ಮಂಥವರು ಎಡಿಟಿಂಗ್‌ನಲ್ಲಿ ಬೇಡದ್ದನ್ನು ಬಿಸಾಕುತ್ತೇವೆ. ಅರ್ಧ ಗಂಟೆಯ ಚೌಕಾಸಿ ಎರಡು ನಿಮಿಷಕ್ಕೆ ಇಳಿಯುತ್ತದೆ. ರಿಕ್ ಹುಬ್ಬೇರಿಸಿದ್ದು ನೀವು ಅಂದುಕೊಂಡ ಮಾತಿಗೇ ಇರಬೇಕು ಅಂತೇನಿಲ್ಲ. ಬೇರೆಲ್ಲೋ ಏರಿಸಿದ ಹುಬ್ಬನ್ನು ಇಲ್ಲಿ ತಂದು ಕೂರಿಸುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಕೆಲಸ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಅಮ್ಮನ ಜೊತೆ ಕತ್ತಲಲ್ಲಿ ಹೋಗಿಬಂದ ಅಂಗಡಿ, ಟಿವಿಯಲ್ಲಿ ಬಂದಾಗ ಯಾಕೆ ಮಜಾ ಕೊಡುತ್ತದೆ?

ಮುಂದಿನ ಸಲ ನೋಡುವಾಗ ಒಂದು ಕೆಲಸ ಮಾಡಿ. ಪ್ರತಿ ವಸ್ತು ಬಂದಾಗಲೂ ರಿಕ್ ಒಂದು ಪ್ರಶ್ನೆ ಕೇಳುತ್ತಾನೆ: ಅಡ ಇಡುತ್ತೀರಾ, ಮಾರುತ್ತೀರಾ? ಉತ್ತರಗಳನ್ನು ಗಮನಿಸಿ. ಹೆಚ್ಚುಕಮ್ಮಿ ಎಲ್ಲರೂ ‘ಮಾರುತ್ತೇನೆ’ ಅನ್ನುತ್ತಾರೆ. ಅದು ಗಿರವಿ ಅಂಗಡಿ, ಆದರೆ ಅಲ್ಲಿ ಗಿರವಿಯೇ ಕಾಣುವುದಿಲ್ಲ! ನನಗೆ ಈ ಶೋನಲ್ಲಿ ಅತಿ ಜಾಣತನದ್ದು ಅನಿಸಿದ್ದು ಇದೇ.

ಅಸಲಿ ವ್ಯವಹಾರ ಬೇರೆ. ಅಮೆರಿಕದ ಗಿರವಿ ಅಂಗಡಿಯ ಮುಖ್ಯ ಕಸುಬು ಸಣ್ಣ ಸಾಲ, ಸಾಮಾನ್ಯವಾಗಿ ಒಂದೆರಡು ನೂರು ಡಾಲರ್. ಸಂಬಳ ಬರುವ ತನಕ, ಬಾಡಿಗೆ ಕಟ್ಟುವ ತನಕ ಸಾಗಬೇಕಾದವರು ಬರುತ್ತಾರೆ. ಬ್ಯಾಂಕು ಹತ್ತಿರ ಸೇರಿಸದ ಜನ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಬಡ್ಡಿ ತಿಂಗಳಿಗೇ ಶೇ. 10 ದಾಟಲು ಕಾನೂನಿನ ಒಪ್ಪಿಗೆ ಇದೆ. ಮತ್ತೆ ಓದಿ, ವರ್ಷಕ್ಕಲ್ಲ, ತಿಂಗಳಿಗೆ. ಹಾಗಿದ್ದರೂ ಹೆಚ್ಚಿನವರು ಬಡ್ಡಿ ಕಟ್ಟಿ ತಮ್ಮ ವಸ್ತು ಬಿಡಿಸಿಕೊಂಡು ಹೋಗುತ್ತಾರೆ. ಅವರು ಕ್ಯಾಮೆರಾ ಮುಂದೆ ಯಾಕೆ ನಿಲ್ಲುತ್ತಾರೆ ಹೇಳಿ? ಅಡ ಇಡುವವರ ಗುರುತನ್ನು ಗುಟ್ಟಾಗಿ ಇಡಬೇಕು ಅನ್ನುವ ಕಾನೂನೂ ಅಲ್ಲಿದೆ. ಶೋ ಹೆಸರಾದ ಮೇಲೆ ಪ್ರವಾಸಿಗಳು ಫೋನ್ ಹಿಡಿದು ಸಾಲು ನಿಂತರು. ಅದರಿಂದಾಗಿ ಆ ನಾಲ್ಕು ಜನ ಮಾಮೂಲಿ ದಿನ ಕೌಂಟರ್‌ನಲ್ಲಿ ನಿಲ್ಲುವುದೇ ಕಷ್ಟವಾಯಿತು.

ಹೀಗೆ ಸಾಲವನ್ನು ತೆಗೆದುಹಾಕಿದರೆ ಉಳಿಯುವುದೇನು? ಹಳೇ ವಸ್ತು, ಅದರ ಕತೆ, ಒಂದಿಷ್ಟು ಚೌಕಾಸಿ. ಮಾರಲು ಬಂದವನ ಮುಖದಲ್ಲಿ ಅವಸರವಿಲ್ಲ. ಕೊಟ್ಟ ಬೆಲೆ ಸರಿಬರದಿದ್ದರೆ ‘ಬೇಡ ಬಿಡಿ’ ಅಂತ ಎತ್ತಿಕೊಂಡು ಹೋಗುತ್ತಾನೆ. ನಿಮ್ಮ ಅಮ್ಮನಿಗೆ ಹಾಗೆ ಅನ್ನಲು ಆಗುತ್ತಿರಲಿಲ್ಲ, ನಾಳೆ ಫೀಸು ಕಟ್ಟಬೇಕಿತ್ತು. ಮುಜುಗರ ಹುಟ್ಟುವುದು ಅಂಗಡಿಯಿಂದಲ್ಲ, ‘ಬೇಡ’ ಅನ್ನಲಾಗದ ಸ್ಥಿತಿಯಿಂದ. ಶೋದವರು ಆ ಸ್ಥಿತಿಯನ್ನು ಪೂರ್ತಿ ಹೊರಗಿಟ್ಟಿದ್ದಾರೆ. ಹಾಗಾಗಿ ನೀವು ನೆಮ್ಮದಿಯಿಂದ ನೋಡುತ್ತೀರಿ. ಇದರಲ್ಲಿ ಅಮ್ಮನಿಗೆ ಅಗೌರವ ಮಾಡಿದ ಹಾಗೇನೂ ಆಗುವುದಿಲ್ಲ.

ನಂಬಿಕೆ ಬಾರದಿದ್ದರೆ ‘ಹಾರ್ಡ್‌ಕೋರ್ ಪಾನ್’ ನೋಡಿ. ಅದೂ ಕುಟುಂಬದ ಗಿರವಿ ಅಂಗಡಿಯೇ, ಡೆಟ್ರಾಯ್ಟ್ ನಗರದ್ದು. ಅಪ್ಪ ಲೆಸ್ ಗೋಲ್ಡ್, ಮಗ, ಮಗಳು. ಸರಣಿಯಾಗಿ ಶುರುವಾಗಿದ್ದು 2010ರಲ್ಲಿ. ಕಾರಿನ ಕಾರ್ಖಾನೆಗಳು ಸೊರಗಿ, 2013ರಲ್ಲಿ ನಗರಾಡಳಿತವೇ ದಿವಾಳಿ ಘೋಷಿಸಿಕೊಂಡ ಊರು ಅದು. ಅಲ್ಲಿ ಅಡ ಇಟ್ಟದ್ದು ಕೈತಪ್ಪಿತು ಅಂತ ಕಿರುಚುವವರಿದ್ದಾರೆ, ಸೆಕ್ಯುರಿಟಿಯವರು ಹೊರಗೆ ದಬ್ಬುವುದಿದೆ. ಆ ಜಗಳವನ್ನೂ ಉಬ್ಬಿಸಿಯೇ ತೋರಿಸುತ್ತಾರೆ, ಅದು ಬೇರೆ ಮಾತು. ಆದರೆ ಎರಡು ಎಪಿಸೋಡ್ ಆದ ಮೇಲೆ ನಿಮಗೆ ಹೊಟ್ಟೆಯಲ್ಲಿ ಸಂಕಟವಾಗಬಹುದು. ನನಗಂತೂ ಅದನ್ನು ಬಹಳ ಹೊತ್ತು ನೋಡಲಾಗುವುದಿಲ್ಲ.

ಕಾಲವನ್ನೂ ನೋಡಬೇಕು. 2008ರ ಆರ್ಥಿಕ ಕುಸಿತದ ಹೊಡೆತ ಬಿದ್ದ ಅಮೆರಿಕದಲ್ಲಿ, 2009ರ ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ. 10ಕ್ಕೆ ಮುಟ್ಟಿತ್ತು. ಸಾಲ ಕಟ್ಟಲಾಗದೆ ಜನ ಮನೆ ಕಳೆದುಕೊಳ್ಳುತ್ತಿದ್ದುದರಲ್ಲಿ ನೆವಾಡಾ ಎಲ್ಲ ರಾಜ್ಯಗಳಿಗಿಂತ ಮುಂದಿತ್ತು. ಅದೇ ಹೊತ್ತಿಗೆ ಚಿನ್ನದ ಬೆಲೆ ಔನ್ಸಿಗೆ 1000 ಡಾಲರ್ ದಾಟಿ ಓಡುತ್ತಿತ್ತು. ಮನೆಯಲ್ಲಿ ಮಾರುವಂಥದ್ದು ಏನಾದರೂ ಇದೆಯಾ ಅಂತ ಇಡೀ ದೇಶವೇ ಅಟ್ಟ ಹುಡುಕುತ್ತಿದ್ದ ಕಾಲ. ಆಗ ‘ನಿಮ್ಮ ಅಟ್ಟದಲ್ಲೂ ನಿಧಿ ಇರಬಹುದು’ ಅನ್ನುವ ಶೋ ಬಂದರೆ ಓಡದೆ ಇರುತ್ತದಾ? ಅದುವರೆಗೆ ಎರಡನೇ ಮಹಾಯುದ್ಧ, ಹಿಟ್ಲರ್ ಅಂತಲೇ ತೋರಿಸುತ್ತಾರೆ ಎಂದು ಗೇಲಿಗೆ ಒಳಗಾಗಿದ್ದ ಹಿಸ್ಟರಿ ಚಾನೆಲ್‌ಗೆ ಇದು ಅತಿ ಹೆಚ್ಚು ಜನ ನೋಡುವ ಶೋ ಆಯಿತು.

ಹಳೇ ವಸ್ತುವಿನ ಬೆಲೆ ಹೇಳುವ ಶೋ ಹೊಸದೇನಲ್ಲ. ಬಿಬಿಸಿಯವರು ‘ಆಂಟೀಕ್ಸ್ ರೋಡ್‌ಶೋ’ ಶುರು ಮಾಡಿದ್ದು 1979ರಲ್ಲಿ. ಅಲ್ಲಿ ತಜ್ಞರು ಬೆಲೆ ಹೇಳುತ್ತಾರೆ, ಒಡೆಯರು ಖುಷಿಯಾಗಿ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಯಾರೂ ದುಡ್ಡು ಎಣಿಸುವುದಿಲ್ಲ. ಲಾಸ್ ವೇಗಸ್‌ನವರು ಸೇರಿಸಿದ್ದು ಆಮೇಲಿನ ಭಾಗವನ್ನು. ತಜ್ಞ ‘ಎರಡು ಸಾವಿರ’ ಅಂದ ಮೇಲೆ ರಿಕ್ ‘ಒಂದು ಸಾವಿರ ಕೊಡ್ತೀನಿ’ ಅನ್ನುವ ಗಳಿಗೆ. ನಾವು ಕೂತಲ್ಲೇ ‘ಅಯ್ಯೋ, ಕೊಡಬೇಡ!’ ಅನ್ನುತ್ತೇವಲ್ಲ, ಅಲ್ಲಿಗೆ ನಾವೂ ಆಟಕ್ಕೆ ಇಳಿದ ಹಾಗೆ. ಬೆಲೆ ಹೇಳುವುದಕ್ಕೆ ಸರಿಯಾಗಿ ಜಾಹೀರಾತು ಬರುವುದೂ ಸುಮ್ಮನೆ ಅಲ್ಲ. ಆ ಗ್ಯಾಪಿನಲ್ಲಿ ನೀವೂ ಯಜಮಾನರೂ ಒಂದೊಂದು ಅಂದಾಜು ಹೇಳುತ್ತೀರಿ, ಅಲ್ವಾ? ಅಂದಾಜು ಹೇಳಿದವರು ಉತ್ತರ ಕೇಳದೆ ಎದ್ದು ಹೋಗುವುದಿಲ್ಲ. ಇದು ನಮಗೆ ಚೆನ್ನಾಗಿ ಗೊತ್ತು.

ಕುಟುಂಬದ ಸೆಳೆತ ಬೇರೆ. ಗಲ್ಲಾ ಬಿಟ್ಟುಕೊಡದ ತಾತ, ಎಲ್ಲ ತನಗೇ ಗೊತ್ತು ಅನ್ನುವ ಮಗ, ಪಾಲು ಕೇಳುವ ಮೊಮ್ಮಗ. ನಮ್ಮ ಗಾಂಧಿ ಬಜಾರಿನ ಯಾವ ಬಟ್ಟೆ ಅಂಗಡಿಗೆ ಹೋದರೂ ಇದೇ ಮೂರು ತಲೆಮಾರು ಇದೇ ಜಗಳ ಆಡುತ್ತಿರುತ್ತದೆ. ಜಾಸ್ತಿ ದುಡ್ಡು ಕೊಟ್ಟು ಏನೋ ಕೊಂಡ ಕೋರಿಯನ್ನು ತಾತ ಬೈಯುವಾಗ ನಿಮಗೆ ಅದು ಅಮೆರಿಕ ಅನಿಸುವುದೇ ಇಲ್ಲ.

ಈಗ ಯಜಮಾನರ ಲೆಕ್ಕ. ಶೋ ಅವರಿಗೆ ಕಲಿಸಿದ ಒಂದು ಪಾಠ ಅಪಾಯದ್ದು, ಒಂದು ಒಳ್ಳೆಯದು. ಅಪಾಯದ್ದು: ಹಳೆಯದೆಲ್ಲ ಬೆಲೆಬಾಳುತ್ತದೆ ಅನ್ನುವುದು. ಬೆಲೆ ಬಾರದ ವಸ್ತುಗಳು ಟಿವಿಗೆ ಬರುವುದಿಲ್ಲ. ಬಂದರೂ ನಗಿಸಲು ಬರುತ್ತವೆ. ನೂರು ಪೆಟ್ಟಿಗೆಗಳಲ್ಲಿ ಆರಿಸಿದ ಒಂದನ್ನು ನೋಡಿ ನಮ್ಮ ಪೆಟ್ಟಿಗೆಯನ್ನು ಅಳೆಯುತ್ತಿದ್ದೇವೆ. ಅದರ ಮೇಲೆ ‘ನಮ್ಮದು’ ಅನ್ನುವ ಮಮತೆ. ಕಾನೆಮನ್, ನೆಟ್ಶ್, ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಕೆಲವು ವಿದ್ಯಾರ್ಥಿಗಳಿಗೆ ಸಾಧಾರಣ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರಿಗೆ, ಎಷ್ಟಕ್ಕೆ ಕೊಳ್ಳುತ್ತೀರಿ ಅಂದರು. ಮಗ್ ಇದ್ದವರು ಕೇಳಿದ್ದು, ಇಲ್ಲದವರು ಕೊಡಲು ಒಪ್ಪಿದ್ದರ ಸುಮಾರು ಎರಡು ಪಟ್ಟು. ಆಗಷ್ಟೇ ಕೈಗೆ ಬಂದ ಮಗ್‌ಗೇ ಹೀಗಾದರೆ, ಅಪ್ಪನ ಪೆಟ್ಟಿಗೆಗೆ ಇನ್ನೆಷ್ಟು? ಹಾಗಾಗಿ ಯಜಮಾನರಿಗೆ ‘ನಿಮಗೇನು ಹುಚ್ಚಾ’ ಅನ್ನಬೇಡಿ. ಎಲ್ಲರಿಗೂ ಇರುವ ಗುಣ ಅದು.

ಒಳ್ಳೆಯ ಪಾಠ: ವ್ಯಾಪಾರಿ ಯಾವತ್ತೂ ಪೂರ್ತಿ ಬೆಲೆ ಕೊಡುವುದಿಲ್ಲ. ರಿಕ್ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತಾನೆ. ವಸ್ತು ಎಷ್ಟು ತಿಂಗಳು ಶೆಲ್ಫಿನಲ್ಲಿ ಕೂರುತ್ತದೋ ಗೊತ್ತಿಲ್ಲ, ಹರಾಜಿಗೆ ಹಾಕಿದರೆ ಅವರ ಕಮಿಷನ್ ಇದೆ, ರಿಪೇರಿ ಇದೆ. ಇದು ಇಲ್ಲಿಗೂ ಅನ್ವಯಿಸುತ್ತದೆ. ಯಾವುದೋ ವೆಬ್‌ಸೈಟಿನಲ್ಲಿ ಯಾರೋ ಲಕ್ಷ ಅಂತ ಬರೆದಿದ್ದು ಬೆಲೆಯಲ್ಲ, ಅವರ ಆಸೆ. ಮಾರಾಟವಾದದ್ದು ಎಷ್ಟಕ್ಕೆ ಅಂತ ನೋಡಬೇಕು.

ನಿಮ್ಮ ಬೆಳ್ಳಿ ರೂಪಾಯಿಗೆ ಬರೋಣ. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಚಿತ್ರ ಇರುವ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ಸುಮಾರು ಶೇ. 91.7. ಅಂದರೆ ಒಂದು ನಾಣ್ಯದಲ್ಲಿ ಹತ್ತೂವರೆ ಗ್ರಾಂಗೆ ಸ್ವಲ್ಪ ಮೇಲೆ ಬೆಳ್ಳಿ. ಅದಕ್ಕೆ ಅವತ್ತಿನ ಬೆಳ್ಳಿ ದರ ಹಾಕಿದರೆ ಕನಿಷ್ಠ ಎಷ್ಟು ಬಾಳುತ್ತದೆ ಅಂತ ಮನೆಯಲ್ಲೇ ಗೊತ್ತಾಗುತ್ತದೆ. ಇದಕ್ಕಿಂತ ಕಡಿಮೆಗೆ ಕೊಡಬೇಡಿ. ಆರನೇ ಜಾರ್ಜ್ ಕಾಲದಲ್ಲಿ, 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಂತೂ ನಿಕಲ್. ಕೋಟಿಗಟ್ಟಲೆ ಅಚ್ಚಾದ ಇಸವಿಗಳೇ ಜಾಸ್ತಿ, ಅವು ಬೆಳ್ಳಿ ಬೆಲೆಯ ಮೇಲೆ ಸ್ವಲ್ಪ ತರುತ್ತವೆ, ಅಷ್ಟೇ. 1911ರ ಐದನೇ ಜಾರ್ಜ್ ರೂಪಾಯಿ ಇದ್ದರೆ ಬೇರೆ ಎತ್ತಿಡಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ ಹಿಂದಕ್ಕೆ ಪಡೆದ ನಾಣ್ಯ ಅದು. ಸಂಗ್ರಹಕಾರರು ಕೇಳಿಕೊಂಡು ಬರುತ್ತಾರೆ. 1939ರದ್ದೂ ಅಪರೂಪ, ಹಾಗಾಗಿ ಅದರ ನಕಲಿಯೂ ಇರುತ್ತದೆ. ಇನ್ನು ಒಂದು ಕಡೆ ರಾಮ, ಸೀತೆ, ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ 1818 ಅಂತ ಇರುವ ತುಣುಕು ಇದ್ದರೆ, ಅದು ಕಂಪನಿ ಹೊರಡಿಸಿದ ನಾಣ್ಯವೇ ಅಲ್ಲ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಅನ್ನುವುದೂ ಅಂಥದೇ ಗಾಳಿಮಾತು.

ಒಂದು ಮಾತು ದಯವಿಟ್ಟು ನೆನಪಿಡಿ: ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಮ್ಮ ಮನೆಗಳಲ್ಲಿ ಹಳೆಯದು ಕಂಡರೆ ಮೊದಲು ಮಾಡುವುದೇ ಅದನ್ನು. ಹೊಳೆಯುವ ಹಳೇ ನಾಣ್ಯ ಕಂಡರೆ ಸಂಗ್ರಹಕಾರರು ಮುಖ ತಿರುಗಿಸುತ್ತಾರೆ.

ನಿಮ್ಮ ಮುಂದೆ ಮೂರ್ನಾಲ್ಕು ದಾರಿಗಳಿವೆ. ನಾಣ್ಯ ಪ್ರದರ್ಶನಗಳು ನಡೆಯುವಾಗ ತೆಗೆದುಕೊಂಡು ಹೋಗಿ ಇಬ್ಬರು ಮೂವರು ವ್ಯಾಪಾರಿಗಳಿಗೆ ತೋರಿಸಬಹುದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಡಿ, ಮೊದಲು ಕೇಳಿದ ಸಂಖ್ಯೆಗೇ ಎಲ್ಲರ ಮಾತು ಜೋತುಬೀಳುತ್ತದೆ. ಒಳ್ಳೆಯ ನಾಣ್ಯ ಇದೆ ಅಂತ ಗೊತ್ತಾದರೆ ಹರಾಜು ಸಂಸ್ಥೆಗೆ ಕೊಡಬಹುದು. ಅಲ್ಲಿ ಬೆಲೆ ಚೆನ್ನಾಗಿ ಬರಬಹುದು, ಆದರೆ ಕಮಿಷನ್ ಹೋಗುತ್ತದೆ, ಹಣ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಆಭರಣದ ಅಂಗಡಿಗೆ ಕೊಟ್ಟರೆ ಅಂದೇ ದುಡ್ಡು, ಆದರೆ ಅವರು ತೂಕ ಮಾತ್ರ ನೋಡುತ್ತಾರೆ, 1911ರದ್ದೂ ಕರಗಿ ಹೋಗುತ್ತದೆ. ಅವಸರಕ್ಕೆ ಹಣ ಬೇಕಿದ್ದರೆ ಪರವಾನಗಿ ಇರುವ ಕಡೆ ಒಡವೆ ಅಡ ಇಟ್ಟು, ತೂಕ, ಬಡ್ಡಿ, ಗಡುವು ಬರೆದ ಚೀಟಿ ತೆಗೆದುಕೊಳ್ಳಿ. ನಮ್ಮ ರಾಜ್ಯದಲ್ಲಿ ಗಿರವಿ ವ್ಯಾಪಾರಕ್ಕೆ 1961ರ ಕಾಯ್ದೆಯ ಪ್ರಕಾರ ಪರವಾನಗಿ ಕಡ್ಡಾಯ. ಆದರೆ ನಿಮ್ಮ ಪತ್ರ ಓದಿದರೆ ಹಣದ ತುರ್ತು ಕಾಣಲಿಲ್ಲ. ಹಾಗಿದ್ದರೆ ಮಾರದೆ ಇರುವುದೂ ಒಂದು ದಾರಿಯೇ. ಮಾರುವ ಮುನ್ನ ಯಜಮಾನರ ಅಣ್ಣತಮ್ಮ, ಅಕ್ಕತಂಗಿಯರನ್ನು ಕೇಳಿ. ಮಾವನವರ ಪೆಟ್ಟಿಗೆ ಅಂದಿರಿ, ಪಾಲು ಅವರಿಗೂ ಇರಬಹುದು. ನೂರು ರೂಪಾಯಿಯ ವಸ್ತುವಿಗೆ ಹತ್ತು ವರ್ಷ ಮಾತು ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

ಗ್ರಾಮಫೋನ್ ಬಗ್ಗೆ ಹೆಚ್ಚು ಆಸೆ ಬೇಡ. ಫಳಫಳ ಹೊಳೆಯುವ ಹಿತ್ತಾಳೆ ಕಹಳೆ, ಮುಂದೆ ನಾಯಿ ಕೂತ ಲೇಬಲ್ ಇದ್ದರೆ ಅನುಮಾನಪಡಿ. ಹಳೇ ಯಂತ್ರಕ್ಕೆ ಹೊಸ ಡಬ್ಬಿ, ಹೊಸ ಕಹಳೆ ಕೂರಿಸಿ ಪ್ರವಾಸಿಗಳಿಗೆ ಮಾರುವ ಮಾಲು ನಮ್ಮ ದೇಶದಲ್ಲಿ ರಾಶಿ ರಾಶಿ ತಯಾರಾಗಿದೆ. ಮಾವನವರೇ ಹೊಸದಾಗಿ ಕೊಂಡಿದ್ದು ಅನ್ನುವುದಕ್ಕೆ ರಸೀದಿಯೋ ಹಳೇ ಫೋಟೋವೋ ಇದ್ದರೆ ಅದನ್ನು ಜೊತೆಯಲ್ಲೇ ಇಡಿ.

ವಿಗ್ರಹದ ವಿಷಯ ಮಾತ್ರ ಆಟವಲ್ಲ. ನೂರು ವರ್ಷ ದಾಟಿದ ಶಿಲ್ಪ 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತದೆ. ಅಂಥದ್ದನ್ನು ನೋಂದಣಿ ಮಾಡಿಸಬೇಕು, ಕೈ ಬದಲಾದರೆ ತಿಳಿಸಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ‘ವಿದೇಶದ ಪಾರ್ಟಿ ಇದ್ದಾರೆ’ ಅನ್ನುವವರ ಫೋನ್ ಬಂದರೆ ಅಲ್ಲೇ ಕತ್ತರಿಸಿ. ಫೋಟೋವನ್ನು ಗುಂಪುಗಳಲ್ಲಿ ಹಂಚಬೇಡಿ, ಕಳ್ಳರಿಗೆ ವಿಳಾಸ ಕೊಟ್ಟ ಹಾಗಾಗುತ್ತದೆ. ನಿಮ್ಮ ಊರಿನಲ್ಲೇ ಶಿವಪ್ಪನಾಯಕನ ಅರಮನೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ವಿಗ್ರಹವನ್ನು ಹೊತ್ತುಕೊಂಡು ಹೋಗಬೇಡಿ. ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಎತ್ತರ, ತೂಕ ಬರೆದುಕೊಂಡು ಯಜಮಾನರನ್ನೇ ಕಳಿಸಿ. ಸಂಗ್ರಹಾಲಯದವರು ಸಾಮಾನ್ಯವಾಗಿ ಬೆಲೆ ಹೇಳುವುದಿಲ್ಲ. ಯಾವ ಕಾಲದ್ದು ಇರಬಹುದು, ನೋಂದಣಿಗೆ ಯಾರನ್ನು ಕಾಣಬೇಕು ಅಂತ ಕೇಳಿಕೊಂಡು ಬರಲಿ.